ಕಿರುಚಿತ್ರದ ಚಿತ್ರಕಥೆ: ಯಾವ ಕಥೆಗೆ ಯಾವ ದಾರಿ?

ಕಿರುಚಿತ್ರ ಮಾಡಲು ಹೊರಟವರು ಮೊದಲು ವಿಚಾರಿಸುವುದು ಕ್ಯಾಮೆರಾ ಬಾಡಿಗೆ ಎಷ್ಟು, ಎಡಿಟಿಂಗ್ ಯಾರು ಮಾಡಿಕೊಡುತ್ತಾರೆ ಎಂಬುದನ್ನು. ಚಿತ್ರಕಥೆ ಮಾತ್ರ ಎರಡು ಸಂಜೆಯಲ್ಲಿ ಮುಗಿದು ವಾಟ್ಸ್‌ಆ್ಯಪ್‌ನಲ್ಲಿ ತಂಡಕ್ಕೆ ಹೋಗಿಬಿಡುತ್ತದೆ. ಆಮೇಲೆ ಚಿತ್ರೀಕರಣದ ಹೊತ್ತಿಗೆ ಲೊಕೇಶನ್ ಜಾಸ್ತಿಯಾಯಿತು, ಸಂಭಾಷಣೆ ಕಲಾವಿದರ ಬಾಯಿಗೆ ಬರುತ್ತಿಲ್ಲ, ಹತ್ತು ನಿಮಿಷ ಎಂದುಕೊಂಡದ್ದು ಇಪ್ಪತ್ತೆರಡಾಯಿತು ಎಂಬ ತೊಂದರೆಗಳು ಒಂದೊಂದಾಗಿ ಬರುತ್ತವೆ. ಇವೆಲ್ಲ ಬರೆಯುವಾಗಲೇ ತೀರ್ಮಾನವಾಗಬೇಕಿದ್ದ ಸಂಗತಿಗಳು. ಕಾಗದದ ಮೇಲೆ ಒಂದು ಸೀನ್ ಹೊಡೆದುಹಾಕಲು ಖರ್ಚಿಲ್ಲ. ಸೆಟ್‌ನಲ್ಲಿ ಅದೇ ಕೆಲಸಕ್ಕೆ ಇಡೀ ತಂಡದ ಅರ್ಧ ದಿನ ಬೇಕು.

ಕಥೆ ಎಲ್ಲಿಂದ, ಎಷ್ಟು ಉದ್ದ, ಯಾರ ಕಣ್ಣಿನಿಂದ, ಎಂಥ ಮಾತು, ಎಂಥ ಕೊನೆ ಎಂಬ ಆಯ್ಕೆಗಳನ್ನು ಬರೀ ಮಾತಿನಲ್ಲಿ ಹೋಲಿಸಿದರೆ ಕೈಗೆ ಏನೂ ಹತ್ತುವುದಿಲ್ಲ. ಅದಕ್ಕೆ ಒಂದು ಸನ್ನಿವೇಶ ಇಟ್ಟುಕೊಂಡು ಮುಂದೆ ಹೋಗೋಣ. ಗದಗದ ಕಡೆಯ ಒಂದು ಹಳ್ಳಿ. ಎಪ್ಪತ್ತು ದಾಟಿದ ಅಜ್ಜಿ ನ್ಯಾಯಬೆಲೆ ಅಂಗಡಿಗೆ ಅಕ್ಕಿ ತರಲು ಬಂದಿದ್ದಾಳೆ. ಜೀವಮಾನವೆಲ್ಲ ಕಳೆ ಕಿತ್ತು, ರಾಶಿ ಮಾಡಿ, ಪಾತ್ರೆ ತಿಕ್ಕಿ ಬೆರಳ ಗೆರೆ ಸವೆದುಹೋಗಿದೆ. ಎಷ್ಟು ಸಲ ಒತ್ತಿದರೂ ಯಂತ್ರ ಅವಳ ಹೆಬ್ಬೆಟ್ಟನ್ನು ಒಪ್ಪುತ್ತಿಲ್ಲ. ಜೊತೆಗೆ ಹೈಸ್ಕೂಲು ಓದುವ ಮೊಮ್ಮಗಳಿದ್ದಾಳೆ, ಮಗಳ ಮಗಳು. ಅಂಗಡಿಯವನು ಕೆಟ್ಟವನಲ್ಲ, ಆದರೆ ಯಂತ್ರ ಒಪ್ಪದೆ ಅವನು ಅಕ್ಕಿ ಕೊಡುವಂತಿಲ್ಲ. ಹಿಂದೆ ಸಾಲು ಬೆಳೆಯುತ್ತಿದೆ.

ಮುಂದೆ ಬರುವ ಪ್ರತಿ ಆಯ್ಕೆಯಲ್ಲೂ ನಾನು ಕೇಳುವುದು ಒಂದೇ ಪ್ರಶ್ನೆ: ಈ ಕಥೆಯಲ್ಲಿ ಬದಲಾಗುವುದು ಏನು, ಆ ಬದಲಾವಣೆ ಕಣ್ಣಿಗೆ ಕಾಣುತ್ತದೆಯೇ, ಕಿವಿಗೆ ಕೇಳುತ್ತದೆಯೇ? ಇದಕ್ಕೆ ಉತ್ತರ ಸಿಕ್ಕರೆ ಉಳಿದ ಆಯ್ಕೆಗಳು ಬೇಗ ಬಗೆಹರಿಯುತ್ತವೆ.

ಕಥೆ ಸ್ವಂತದ್ದೋ, ಅಚ್ಚಾದದ್ದೋ, ಜನಪದದ್ದೋ

ಕನ್ನಡದಲ್ಲಿ ಸಣ್ಣಕಥೆಯ ಸಂಪತ್ತು ದೊಡ್ಡದು, ಹಾಗಾಗಿ ಓದಿ ಮೆಚ್ಚಿದ ಕಥೆಯನ್ನೇ ಚಿತ್ರ ಮಾಡುವ ಆಸೆ ಸಹಜ. ಇದರ ಅನುಕೂಲವೆಂದರೆ ಪಾತ್ರ, ತಿರುವು, ಕೊನೆ ಎಲ್ಲ ಸಿದ್ಧವಾಗಿ ಸಿಗುತ್ತವೆ. ತೊಡಕು ಎರಡು ಕಡೆ ಇದೆ. ಒಳ್ಳೆಯ ಸಣ್ಣಕಥೆಯ ಜೀವ ಎಷ್ಟೋ ಸಲ ಪಾತ್ರದ ಮನಸ್ಸಿನೊಳಗಿನ ಮಾತಿನಲ್ಲಿರುತ್ತದೆ. ಅದನ್ನು ಕ್ಯಾಮೆರಾ ಹಿಡಿಯಲಾರದು ಎಂದು ಗೊತ್ತಾದಾಗ ಬರಹಗಾರರು ವಾಯ್ಸ್‌ಓವರ್ ಹಾಕುತ್ತಾರೆ, ಆಗ ಚಿತ್ರ ಓದಿದ ಕಥೆಗೆ ಬಿಡಿಸಿದ ಚಿತ್ರಪಟವಾಗುತ್ತದೆ. ಕಥೆಯನ್ನು ಆಯ್ದುಕೊಳ್ಳುವ ಮುನ್ನ ಅದರಲ್ಲಿ ಪಾತ್ರಗಳು ಮಾಡುವ ಕೆಲಸಗಳನ್ನಷ್ಟೇ ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಪಟ್ಟಿ ಓದಿದರೂ ಕಥೆ ತಿಳಿಯುವಂತಿದ್ದರೆ ಮುಂದುವರಿಯಿರಿ.

ಎರಡನೆಯ ತೊಡಕು ಹಕ್ಕಿನದು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕರು ಬದುಕಿರುವಷ್ಟು ಕಾಲ, ಮತ್ತು ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿದಿರುತ್ತದೆ. ಮಾಸ್ತಿಯವರು ತೀರಿಕೊಂಡದ್ದು 1986ರಲ್ಲಿ, ಹಾಗಾಗಿ ಅವರ ಕಥೆಗಳಿಗೆ 2046 ಮುಗಿಯುವವರೆಗೆ ಅನುಮತಿ ಬೇಕು. ತೇಜಸ್ವಿಯವರು ತೀರಿಕೊಂಡದ್ದು 2007ರಲ್ಲಿ, ಅವರ ಕಥೆಗಳಿಗೆ 2067ರವರೆಗೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಕಥೆಗಳು, 1939ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಕೊಡಗಿನ ಗೌರಮ್ಮನವರ ಕಥೆಗಳು ಇಂದು ಎಲ್ಲರಿಗೂ ಮುಕ್ತ. ಗೌರಮ್ಮನವರ ಕಥೆಗಳ ಹೆಣ್ಣುಮಕ್ಕಳು ಇಂದಿನ ತೆರೆಗೂ ಹತ್ತಿರದವರು, ಹುಡುಕಿ ಓದಿ. ಚೆಕಾಫ್‌ನಂಥ ಹಳೆಯ ವಿದೇಶಿ ಲೇಖಕರ ಮೂಲ ಮುಕ್ತವಾಗಿದ್ದರೂ, ಇತ್ತೀಚಿನ ಕನ್ನಡ ಅನುವಾದದ ಹಕ್ಕು ಅನುವಾದಕರದೇ ಎಂಬುದನ್ನು ಮರೆಯಬೇಡಿ. ‘ಸುಮ್ಮನೆ ಯೂಟ್ಯೂಬಿಗೆ ಹಾಕುತ್ತೇವೆ, ದುಡ್ಡೇನೂ ಬರುವುದಿಲ್ಲ’ ಎಂಬುದು ಅನುಮತಿಗೆ ಬದಲಿಯಲ್ಲ. ಲೇಖಕರಿಗೆ, ಅವರಿಲ್ಲದಿದ್ದರೆ ಅವರ ಮನೆಯವರಿಗೆ ಒಂದು ಪತ್ರ ಬರೆದು ಬರವಣಿಗೆಯಲ್ಲೇ ಒಪ್ಪಿಗೆ ಪಡೆಯಿರಿ. ಚಲನಚಿತ್ರೋತ್ಸವಗಳು ಅದನ್ನು ಕೇಳುತ್ತವೆ.

ಜನಪದ ಕಥೆಗೆ ಹಕ್ಕಿನ ಈ ಕಟ್ಟುಪಾಡಿಲ್ಲ. ಅಜ್ಜಿ ತನ್ನ ಹುಂಜವನ್ನು ಎತ್ತಿಕೊಂಡು ಹೋದದ್ದಕ್ಕೆ ಊರಿಗೆ ಬೆಳಗಾಗಲಿಲ್ಲ ಎಂಬ ಕಥೆ ನಮಗೆಲ್ಲ ಚಿಕ್ಕಂದಿನಿಂದ ಗೊತ್ತು. ಅದೇ ಕಥೆಯಿಂದ ಪುಣೆಯ ಚಲನಚಿತ್ರ ಶಾಲೆ ಎಫ್‌ಟಿಐಐನ ವಿದ್ಯಾರ್ಥಿಯಾಗಿದ್ದ ಚಿದಾನಂದ ಎಸ್. ನಾಯ್ಕ್ ಮಾಡಿದ ಕನ್ನಡ ಕಿರುಚಿತ್ರಕ್ಕೆ 2024ರಲ್ಲಿ ಕಾನ್ ಉತ್ಸವದಲ್ಲಿ ವಿದ್ಯಾರ್ಥಿಗಳ ಚಿತ್ರಗಳಿಗಿರುವ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಬಂತು. ಚಿತ್ರದ ಅವಧಿ ಹದಿನಾರು ನಿಮಿಷ. ಬರೆಯುವವರು ಇದರಿಂದ ಗಮನಿಸಬೇಕಾದದ್ದು ಜನಪದ ಕಥೆಯ ಕಟ್ಟನ್ನು: ಅಜ್ಜಿ ಒಂದು ಕೆಲಸ ಮಾಡುತ್ತಾಳೆ, ಅದರ ಫಲ ಇಡೀ ಊರಿಗೆ ಕಾಣುತ್ತದೆ. ಒಳಮಾತು ಬಿಡಿಸುವ ಕಷ್ಟವೇ ಅಲ್ಲಿಲ್ಲ. ಸಂಗ್ರಾಹಕರೊಬ್ಬರು ಪುಸ್ತಕದಲ್ಲಿ ಬರೆದ ವಾಕ್ಯಗಳನ್ನು ಹಾಗೇ ಎತ್ತಿಕೊಳ್ಳುವುದು ಬೇಡ, ಕಥೆಯನ್ನು ನಿಮ್ಮ ಮಾತಿನಲ್ಲಿ ಬರೆಯಿರಿ, ಅಷ್ಟೆ.

ಸ್ವಂತ ಕಥೆಗೆ ಹಕ್ಕಿನ ತಲೆನೋವಿಲ್ಲ, ಆದರೆ ಅಧ್ಯಯನದ ಭಾರ ಪೂರ್ತಿ ನಿಮ್ಮ ಮೇಲೆ. ನಮ್ಮ ಅಜ್ಜಿಯ ಸನ್ನಿವೇಶವನ್ನೇ ನೋಡಿ. ಕಾರ್ಡಿನಲ್ಲಿ ಹೆಸರಿರುವ ಯಾರ ಬೆರಳಾದರೂ ನಡೆಯುತ್ತದೆ ಎಂಬುದು ಹಳ್ಳಿಯ ಪ್ರತಿ ಪ್ರೇಕ್ಷಕರಿಗೂ ಗೊತ್ತು. ‘ಮೊಮ್ಮಗಳು ಒತ್ತಿದರಾಯಿತಲ್ಲ’ ಎಂದು ಅವರು ಎರಡನೇ ನಿಮಿಷಕ್ಕೇ ಅಂದುಕೊಂಡರೆ ಕಥೆ ಅಲ್ಲಿಗೆ ನಿಂತಿತು. ಹುಡುಗಿಯ ಹೆಸರು ಅಪ್ಪ ಅಮ್ಮನ ಊರಿನ ಕಾರ್ಡಿನಲ್ಲಿದೆ, ಶಾಲೆಗಾಗಿ ಅಜ್ಜಿಯ ಮನೆಯಲ್ಲಿದ್ದಾಳೆ ಎಂದು ಇಟ್ಟುಕೊಂಡರೆ ಆ ತೂತು ಮುಚ್ಚುತ್ತದೆ. ಬೆರಳು ಬೀಳದಿದ್ದರೆ ಮೊಬೈಲಿಗೆ ಬರುವ ಒಟಿಪಿ ಹೇಳಿ ಅಕ್ಕಿ ಪಡೆಯುವ ದಾರಿಯೂ ಉಂಟು. ಅದನ್ನು ಮುಚ್ಚಿಡಬೇಡಿ, ಕಥೆಗೆ ಬಳಸಿಕೊಳ್ಳಿ: ಅಜ್ಜಿಯ ಕಾರ್ಡಿಗೆ ಕೊಟ್ಟ ನಂಬರು ಬೆಂಗಳೂರಿಗೆ ಹೋದ ಮಗನದು, ಅವನು ಫೋನ್ ಮಾಡದೆ ತಿಂಗಳುಗಳಾಗಿವೆ. ಅಲ್ಲಿಯವರೆಗೆ ಯಂತ್ರದ ತೊಂದರೆಯಾಗಿದ್ದದ್ದು ಇಲ್ಲಿ ತಾಯಿ ಮಗನ ಕಥೆಯಾಯಿತು. ನ್ಯಾಯಬೆಲೆ ಅಂಗಡಿಯ ಮುಂದೆ ಒಂದು ಬೆಳಿಗ್ಗೆ ಕೂತು ನೋಡಿದವರಿಗೆ ಇಂಥ ತಿರುವು ಸಿಗುತ್ತದೆ. ಕೋಣೆಯಲ್ಲಿ ಕೂತು ‘ಏನಾದರೂ ಟ್ವಿಸ್ಟ್ ಬೇಕಲ್ಲ’ ಎಂದು ಯೋಚಿಸಿದರೆ ಸಿಗುವುದು ಕಷ್ಟ.

ಐದು, ಹದಿನಾಲ್ಕು, ಇಪ್ಪತ್ತೆಂಟು

ಆಸ್ಕರ್ ನಿಯಮದಲ್ಲಿ ಶೀರ್ಷಿಕೆಗಳೂ (ತೆರೆಯ ಮೇಲೆ ಬರುವ ಹೆಸರುಗಳ ಪಟ್ಟಿ) ಸೇರಿ 40 ನಿಮಿಷ ಮೀರದ್ದು ಕಿರುಚಿತ್ರ. ಉತ್ಸವಗಳ ಮಿತಿ ಒಂದೊಂದು ಕಡೆ ಒಂದೊಂದು ಥರ. ಮಿತಿ ಎಷ್ಟು ಎಂಬುದಕ್ಕಿಂತ ನಿಮ್ಮ ವಸ್ತು ಎಷ್ಟು ಹೊತ್ತು ತಡೆದುಕೊಳ್ಳುತ್ತದೆ ಎಂಬುದು ಮುಖ್ಯ.

ಐದು ನಿಮಿಷದಲ್ಲಿ ನಮ್ಮ ಕಥೆ ಅಂಗಡಿಯಿಂದ ಹೊರಗೆ ಬರುವುದೇ ಇಲ್ಲ. ಸಾಲು, ಯಂತ್ರ, ಹೆಬ್ಬೆಟ್ಟು, ಮತ್ತೆ ಹೆಬ್ಬೆಟ್ಟು, ಸೆರಗಿಗೆ ಒರೆಸಿಕೊಂಡು ಇನ್ನೊಮ್ಮೆ. ಫೋನು, ಮಗ ಯಾವುದಕ್ಕೂ ಜಾಗವಿಲ್ಲ. ಇದು ಒಂದೇ ಲೊಕೇಶನ್, ಒಂದೇ ದಿನದ ಕೆಲಸ, ಮೊದಲ ಚಿತ್ರ ಮಾಡುವವರಿಗೆ ಬಹಳ ಒಳ್ಳೆಯ ಅಳತೆ. ಆದರೆ ಐದು ನಿಮಿಷಕ್ಕೆ ಒಂದೇ ಒಂದು ಬದಲಾವಣೆ ಸಾಕು, ಎರಡನೆಯದನ್ನು ತುರುಕಿದರೆ ಎರಡೂ ಕೆಡುತ್ತವೆ.

ಹತ್ತರಿಂದ ಹದಿನೈದು ನಿಮಿಷದ ಅಳತೆ ನನಗೆ ಎಲ್ಲಕ್ಕಿಂತ ಇಷ್ಟ. ಮನೆಯಿಂದ ಹೊರಡುವುದು, ಅಂಗಡಿ, ಫೋನ್ ಕರೆ, ವಾಪಸ್ಸು ಎಂದು ಮೂರು ನಾಲ್ಕು ಸೀನ್‌ಗಳಿಗೆ ಅವಕಾಶ. ಬೆಳಿಗ್ಗೆ ಅಜ್ಜಿ ಅಕ್ಕಿ ಡಬ್ಬಿ ಬಗ್ಗಿಸಿ ಕೊನೆಯ ಹಿಡಿ ತೆಗೆಯುವುದನ್ನು ತೋರಿಸಿದ್ದರೆ, ಅಂಗಡಿಯಲ್ಲಿ ಯಂತ್ರ ಕೂಗಿದಾಗ ಏನು ಪಣಕ್ಕಿದೆ ಎಂದು ಯಾರೂ ವಿವರಿಸಬೇಕಿಲ್ಲ. ಉತ್ಸವಗಳಲ್ಲಿ ಕಿರುಚಿತ್ರಗಳನ್ನು ನಾಲ್ಕೈದು ಸೇರಿಸಿ ಒಂದು ಪ್ರದರ್ಶನ ಮಾಡುವುದರಿಂದ, ಆಯ್ಕೆ ಮಾಡುವವರಿಗೂ ಈ ಅಳತೆಯನ್ನು ಹೊಂದಿಸುವುದು ಸುಲಭ.

ಇಪ್ಪತ್ತೈದು ಮೂವತ್ತು ನಿಮಿಷಕ್ಕೆ ಎರಡನೇ ಎಳೆ ಬೇಕೇ ಬೇಕು. ಅಂಗಡಿಯವನ ಮನೆ, ಬೆಂಗಳೂರಿನಲ್ಲಿ ಡೆಲಿವರಿ ಕೆಲಸದ ನಡುವೆ ಫೋನ್ ಎತ್ತದ ಮಗ, ಇವುಗಳಲ್ಲಿ ಒಂದಾದರೂ ಪೂರ್ತಿ ಬೆಳೆಯಬೇಕು. ಇಲ್ಲದಿದ್ದರೆ ಹದಿನಾಲ್ಕು ನಿಮಿಷದ ಚಿತ್ರವನ್ನೇ ನಡೆದಾಡುವ ದೃಶ್ಯಗಳಿಂದ ಉದ್ದ ಮಾಡಿದಂತಾಗುತ್ತದೆ. ಸಣ್ಣ ತಂಡ ದಿನಕ್ಕೆ ಅಂತಿಮ ಚಿತ್ರದ ಮೂರ್ನಾಲ್ಕು ನಿಮಿಷದಷ್ಟನ್ನು ಚೆನ್ನಾಗಿ ತೆಗೆದರೆ ಅದೇ ಒಳ್ಳೆಯ ದಿನ. ಊಟ, ವಾಹನ, ವಸತಿ ಲೆಕ್ಕ ಹಾಕಿ ನೋಡಿದರೆ ಮೂವತ್ತು ನಿಮಿಷದ ಚಿತ್ರಕಥೆ ಎಷ್ಟು ದೊಡ್ಡ ಜವಾಬ್ದಾರಿ ಎಂದು ತಿಳಿಯುತ್ತದೆ. ಸಿನಿಮಾದ ಕಥೆಯನ್ನು ಕುಗ್ಗಿಸಿ ನಿರ್ಮಾಪಕರಿಗೆ ತೋರಿಸುವ ಮಾದರಿಯಾಗಿ ಮಾಡುವವರಿದ್ದಾರೆ. ಆ ಉದ್ದೇಶ ಬೇರೆ, ಅದಕ್ಕೆ ಈ ಅಳತೆ ಹೊಂದುತ್ತದೆ.

ಯಾರ ಕಣ್ಣಿನಿಂದ?

ಇಲ್ಲಿ ನಿಧಾನವಾಗಿ ಯೋಚಿಸಿ. ಸನ್ನಿವೇಶ ಒಂದೇ ಇದ್ದರೂ ಯಾರ ಜೊತೆ ನಿಂತು ನೋಡುತ್ತೇವೆ ಎಂಬುದರ ಮೇಲೆ ಚಿತ್ರವೇ ಬೇರೆಯಾಗುತ್ತದೆ. ಬಹಳಷ್ಟು ಚಿತ್ರಕಥೆಗಳು ಈ ಪ್ರಶ್ನೆಯನ್ನು ಕೇಳಿಕೊಳ್ಳದೆಯೇ ಬರೆದು ಮುಗಿದಿರುತ್ತವೆ.

ಅಜ್ಜಿಯ ಜೊತೆ ನಿಂತರೆ ಪ್ರೇಕ್ಷಕರಿಗೆ ತಿಳಿಯುವುದು ಅವಳಿಗೆ ತಿಳಿದಷ್ಟೇ. ಯಂತ್ರದ ಪರದೆಯ ಮೇಲೆ ಬರುವ ಇಂಗ್ಲಿಷ್ ಅವಳಿಗೆ ಬರೀ ಬಣ್ಣ. ಕೆಂಪು ಬಂದರೆ ಇಲ್ಲ, ಹಸಿರು ಬಂದರೆ ಉಂಟು. ಹಿಂದಿನವರ ಗೊಣಗಾಟ ಕೇಳುತ್ತದೆ, ಮುಖ ಕಾಣುವುದಿಲ್ಲ. ಹೀಗೆ ಬರೆದರೆ ನಾಚಿಕೆ, ಗಾಬರಿ ಎರಡನ್ನೂ ಸಂಭಾಷಣೆಯಿಲ್ಲದೆ ಮುಟ್ಟಿಸಬಹುದು. ಕಷ್ಟವೆಂದರೆ ಅಜ್ಜಿ ಹೆಚ್ಚಿಗೆ ಏನನ್ನೂ ಮಾಡುವ ಸ್ಥಿತಿಯಲ್ಲಿಲ್ಲ. ಕಥೆಯ ನಡುವಿನಲ್ಲಿರುವ ವ್ಯಕ್ತಿ ಕೈಕಟ್ಟಿ ನಿಂತರೆ ಪ್ರೇಕ್ಷಕರಲ್ಲಿ ಕನಿಕರ ಹುಟ್ಟುತ್ತದೆ, ಕುತೂಹಲ ಹುಟ್ಟುವುದಿಲ್ಲ. ಕನಿಕರದ ಮೇಲೆ ಚಿತ್ರ ಮೂರು ನಿಮಿಷ ನಡೆದೀತು, ಹದಿನಾಲ್ಕು ನಿಮಿಷ ನಡೆಯುವುದಿಲ್ಲ.

ಮೊಮ್ಮಗಳ ಜೊತೆ ನಿಂತರೆ ಮಾಡುವುದಕ್ಕೆ ಕೆಲಸವಿದೆ. ಅವಳು ಓದಬಲ್ಲಳು, ವಾದ ಮಾಡಬಲ್ಲಳು, ಮಾವನಿಗೆ ಫೋನ್ ಮಾಡಬಲ್ಲಳು. ಮಾಡಬೇಕೋ ಬೇಡವೋ ಎಂಬ ತೊಳಲಾಟವೂ ಅವಳದೇ, ಏಕೆಂದರೆ ಅಜ್ಜಿ ‘ಅವನಿಗೆ ಮಾತ್ರ ಹಚ್ಚಬ್ಯಾಡ’ ಎಂದಿರಬಹುದು. ಶಾಲೆಗೆ ತಡವಾಗುತ್ತಿದೆ, ಸಾಲಿನಲ್ಲಿ ಸಹಪಾಠಿಯ ಅಮ್ಮ ನಿಂತಿದ್ದಾಳೆ. ಒತ್ತಡ ನಾಲ್ಕು ಕಡೆಯಿಂದ ಬರುತ್ತದೆ.

ಅಂಗಡಿಯವನ ಜೊತೆ ನಿಲ್ಲುವುದು ಯಾರಿಗೂ ಮೊದಲು ಹೊಳೆಯದ ದಾರಿ. ನಿಯಮಕ್ಕೂ ನೆರೆಯವಳಿಗೂ ನಡುವೆ ಸಿಕ್ಕಿಕೊಂಡವನು ಅವನು. ತನ್ನ ಕೈಯಿಂದ ಅಕ್ಕಿ ಅಳೆದು ಕೊಟ್ಟರೆ ಲೆಕ್ಕ ಕೊಡಬೇಕು, ಕೊಡದಿದ್ದರೆ ನಾಳೆ ಅದೇ ಬೀದಿಯಲ್ಲಿ ಮುಖ ತೋರಿಸಬೇಕು. ನೈತಿಕವಾಗಿ ಇದು ಮೂರರಲ್ಲಿ ಎಲ್ಲಕ್ಕಿಂತ ಆಳವಾದ ಚಿತ್ರ ಆಗಬಹುದು. ಆದರೆ ತಾಯಿ ಮಗನ ಎಳೆಯನ್ನು ಅವನು ಹೊರಗಿನಿಂದ ಮಾತ್ರ ನೋಡುತ್ತಾನೆ. ಅದು ಬೇಕಿದ್ದರೆ ಮೊಮ್ಮಗಳು, ನಿಯಮ ಮತ್ತು ಮನುಷ್ಯತ್ವದ ಎಳೆ ಬೇಕಿದ್ದರೆ ಅಂಗಡಿಯವನು. ಎರಡೂ ಬೇಕೆಂದು ನಡುವೆ ದೃಷ್ಟಿ ಬದಲಿಸಿದರೆ ಹದಿನಾಲ್ಕು ನಿಮಿಷದಲ್ಲಿ ಪ್ರೇಕ್ಷಕರು ಯಾರ ಜೊತೆಯೂ ನೆಲೆಯಾಗುವುದಿಲ್ಲ. ನಾನಾದರೆ ಮೊಮ್ಮಗಳನ್ನು ಆಯ್ದುಕೊಳ್ಳುತ್ತೇನೆ.

ಮಾತು ಎಷ್ಟು, ಯಾವ ಕನ್ನಡ

ಮಾತಿಲ್ಲದ ಚಿತ್ರ ಉತ್ಸವಗಳಿಗೆ ಒಳ್ಳೆಯದು, ಸಬ್‌ಟೈಟಲ್ ಬೇಡ ಎಂಬ ಸಲಹೆ ಆಗಾಗ ಕೇಳುತ್ತದೆ. ವಸ್ತುವಿಗೆ ಒಗ್ಗಿದರೆ ಸರಿ. ಆದರೆ ಮಾತಾಡಲೇಬೇಕಾದ ಜಾಗದಲ್ಲಿ ಪಾತ್ರಗಳು ಬಾಯಿ ಕಟ್ಟಿ ನಿಂತರೆ ಅದು ಮೌನವಲ್ಲ, ಬರಹಗಾರರು ಹಾಕಿದ ಬೀಗ. ನ್ಯಾಯಬೆಲೆ ಅಂಗಡಿ ಗದ್ದಲದ ಜಾಗ, ಅಲ್ಲಿ ಮೂಕಚಿತ್ರ ಹೊಂದುವುದಿಲ್ಲ.

ಇನ್ನೊಂದು ತುದಿಯಲ್ಲಿ, ಮಾತೇ ಎಲ್ಲವನ್ನೂ ಹೇಳುವ ಚಿತ್ರಕಥೆ. ನಾಟಕದಿಂದ ಬಂದವರ ಬರಹದಲ್ಲಿ ಇದು ಹೆಚ್ಚು. ನಮ್ಮ ಕಥೆಯ ಫೋನ್ ಕರೆಯನ್ನು ಎರಡು ಬಗೆಯಲ್ಲಿ ಬರೆದು ನೋಡೋಣ. ಮೊದಲನೆಯದರಲ್ಲಿ ಅಜ್ಜಿ ಫೋನ್ ಕಸಿದುಕೊಂಡು ‘ನನ್ನ ಮರತೇಬಿಟ್ಟಿ ಏನೋ, ಎಷ್ಟ ತಿಂಗಳಾತು ಮಾತಾಡಿ’ ಎಂದು ಅಳುತ್ತಾಳೆ. ಎರಡನೆಯದರಲ್ಲಿ ಮೊಮ್ಮಗಳು ಸ್ಪೀಕರ್ ಹಾಕಿದ್ದಾಳೆ. ‘ಮಾಮಾ, ನಿನ್ನ ಫೋನಿಗೆ ಒಂದು ನಂಬರ್ ಬಂದಿರತೈತಿ, ಹೇಳು.’ ಅವನು ಆರು ಅಂಕಿ ಹೇಳುತ್ತಾನೆ. ಹುಡುಗಿ ಅಂಗೈ ಮೇಲೆ ಬರೆದುಕೊಂಡೂ ಆಯಿತು. ಆಗ ಅಜ್ಜಿ ಮೆಲ್ಲಗೆ ‘ಇನ್ನೊಮ್ಮೆ ಹೇಳಂತ ಹೇಳು’ ಎನ್ನುತ್ತಾಳೆ. ಅವಳಿಗೆ ಬೇಕಾದದ್ದು ನಂಬರಲ್ಲ ಎಂದು ಮೊಮ್ಮಗಳಿಗೆ ಹೊಳೆಯುತ್ತದೆ, ನಮಗೂ ಹೊಳೆಯುತ್ತದೆ. ಎರಡನೆಯ ಬಗೆಯಲ್ಲಿ ಮಾತು ಕಡಿಮೆಯೇನಲ್ಲ, ಆದರೆ ಆಡಿದ ಮಾತು ಮನಸ್ಸಿನಲ್ಲಿರುವುದನ್ನು ನೇರವಾಗಿ ಹೇಳುತ್ತಿಲ್ಲ. ಕಿರುಚಿತ್ರದ ಸಂಭಾಷಣೆಗೆ ನನಗೆ ತಿಳಿದ ಅತ್ಯುತ್ತಮ ಪರೀಕ್ಷೆ ಇದು: ಪಾತ್ರ ಕೇಳುತ್ತಿರುವುದು ಒಂದು, ಅದಕ್ಕೆ ಬೇಕಿರುವುದು ಇನ್ನೊಂದು ಆಗಿದೆಯೇ?

ಯಾವ ಕನ್ನಡ ಎಂಬುದು ನಮ್ಮಲ್ಲಿ ದೊಡ್ಡ ಆಯ್ಕೆ. ಅಜ್ಜಿಯ ಒಂದೇ ಮಾತು ಹೀಗೆಲ್ಲ ಬರಬಹುದು:

‘ಏಕೆ, ನನ್ನ ಬೆರಳಚ್ಚು ಸ್ವೀಕೃತವಾಗುತ್ತಿಲ್ಲವೇ?’
‘ಯಾಕಪಾ, ನನ್ನ ಬಟ್ಟು ತಗೋವಲ್ದೇನು?’
‘ಯಾಕಪ್ಪಾ, ನನ್ ಬೆಟ್ಟು ತಗತಾ ಇಲ್ವಾ?’
‘ಎಂತ ಮಾರಾಯ, ನನ್ನ ಬೆರಳು ತಗೊಳ್ಳುದಿಲ್ವಾ ಅದು?’

ಮೊದಲನೆಯದನ್ನು ಯಾವ ಅಜ್ಜಿಯೂ ಆಡುವುದಿಲ್ಲ. ಎರಡನೆಯದು ಗದಗ ಧಾರವಾಡದ ಕಡೆ, ಮೂರನೆಯದು ಮಂಡ್ಯ ಮೈಸೂರಿನ ಕಡೆ, ನಾಲ್ಕನೆಯದು ದಕ್ಷಿಣ ಕನ್ನಡ. ಕರಾವಳಿಗೆ ಕಥೆಯನ್ನು ಒಯ್ದರೆ ಅಜ್ಜಿ ಮನೆಯಲ್ಲಿ ತುಳು ಆಡಿ ಅಂಗಡಿಯಲ್ಲಿ ಕನ್ನಡಕ್ಕೆ ಹೊರಳಬಹುದು, ಆ ಹೊರಳುವಿಕೆಯಲ್ಲೇ ಅವಳ ಹಿಂಜರಿಕೆ ಕಾಣಬಹುದು. ಎಲ್ಲರಿಗೂ ಅರ್ಥವಾಗಲಿ ಎಂದು ಬೆಂಗಳೂರಿನ ಸಾಮಾನ್ಯ ಕನ್ನಡದಲ್ಲಿ ಬರೆಯುವುದೂ ಒಂದು ದಾರಿ, ನಗರದ ಕಥೆಗೆ ಅದೇ ಸರಿ. ಹಳ್ಳಿಯ ಕಥೆಗೆ ಅಲ್ಲ. ನೀವು ಆ ಸೀಮೆಯವರಲ್ಲದಿದ್ದರೆ ಸೊಗಡನ್ನು ಊಹಿಸಿ ಬರೆಯಬೇಡಿ. ಪ್ರತಿ ಮಾತಿನ ಕೊನೆಗೆ ‘ರೀ’, ‘ಐತಿ’ ಅಂಟಿಸಿದರೆ ಉತ್ತರ ಕರ್ನಾಟಕ ಆಗುವುದಿಲ್ಲ, ಅಲ್ಲಿಯವರಿಗೆ ಅದು ನೋವು ತರುತ್ತದೆ. ಸಂಭಾಷಣೆಯ ಆಶಯವನ್ನು ಸರಳ ಕನ್ನಡದಲ್ಲಿ ಬರೆದು, ಆ ಊರಿನ ಒಬ್ಬರ ಜೊತೆ ಕೂತು ಅವರ ಬಾಯಲ್ಲಿ ಹೇಳಿಸಿ ಬರೆದುಕೊಳ್ಳಿ, ಮತ್ತು ಅವರ ಹೆಸರನ್ನು ಶೀರ್ಷಿಕೆಯಲ್ಲಿ ಹಾಕಿ.

ಕಲಾವಿದರು ಯಾರು ಎಂಬುದೂ ಬರವಣಿಗೆಯನ್ನು ಬದಲಿಸುತ್ತದೆ. ನೀನಾಸಮ್, ರಂಗಾಯಣದಂಥ ಕಡೆ ಪಳಗಿದ ನಟರಾದರೆ ಉದ್ದದ ಮಾತನ್ನೂ ನಿಭಾಯಿಸುತ್ತಾರೆ, ಧ್ವನಿ ಮಾತ್ರ ಕ್ಯಾಮೆರಾದ ಅಳತೆಗೆ ಇಳಿಯಬೇಕು. ಊರಿನ ಅಜ್ಜಿಯನ್ನೇ ನಟಿಸಲು ಒಪ್ಪಿಸಿದರೆ ಬರೆದ ಸಾಲನ್ನು ಅಕ್ಷರಶಃ ಹೇಳಿಸುವ ಆಸೆ ಬಿಡಿ. ಅಂಥ ಸೀನ್‌ನಲ್ಲಿ ಏನು ಹೇಳಬೇಕು ಎಂಬುದಕ್ಕಿಂತ ಏನು ಮಾಡುತ್ತಿರಬೇಕು ಎಂದು ಬರೆಯಿರಿ: ಚೀಲ ಮಡಿಸುವುದು, ಬೆರಳಿಗೆ ಎಂಜಲು ಹಚ್ಚಿ ಒರೆಸುವುದು. ಅವರಿಂದ ಆಮೇಲೆ ಸ್ಟುಡಿಯೋದಲ್ಲಿ ಡಬ್ಬಿಂಗ್ ಮಾಡಿಸುವುದು ಕಷ್ಟ, ಹಾಗಾಗಿ ಚಿತ್ರೀಕರಣದ ಹೊತ್ತಿನಲ್ಲೇ ಧ್ವನಿ ಮುದ್ರಿಸಿಕೊಳ್ಳುವ ಸಿಂಕ್ ಸೌಂಡ್ ಅನಿವಾರ್ಯ. ಸಿಂಕ್ ಸೌಂಡ್ ಎಂದರೆ ಪಕ್ಕದ ಗಿರಣಿ, ಬಸ್ಸಿನ ಹಾರನ್ ಎಲ್ಲ ಸೇರಿಕೊಳ್ಳುತ್ತವೆ. ಮುಖ್ಯವಾದ ಮಾತುಗಳನ್ನು ರಸ್ತೆಯ ಬದಿಯಿಂದ ಗೋಡೆಯ ಮರೆಗೆ ಬರೆಯುವಾಗಲೇ ಸರಿಸಿಬಿಡಿ. ಹಿನ್ನೆಲೆಯಲ್ಲಿ ರೇಡಿಯೋದಿಂದ ಇಂಥದೇ ಹಳೆಯ ಚಿತ್ರಗೀತೆ ಬರುತ್ತಿದೆ ಎಂದೂ ಬರೆಯಬೇಡಿ, ಆ ಹಾಡಿಗೆ ಆಡಿಯೋ ಕಂಪನಿಯ ಅನುಮತಿ ಬೇಕಾಗುತ್ತದೆ.

ಕೊನೆ: ಟ್ವಿಸ್ಟೋ, ತೀರ್ಮಾನವೋ

ಕೊನೆಯ ಕ್ಷಣದ ಟ್ವಿಸ್ಟ್ ಯೂಟ್ಯೂಬಿನಲ್ಲಿ ಬೇಗ ಹಂಚಿಕೆಯಾಗುತ್ತದೆ, ನಿಜ. ಭಯ, ಅಪರಾಧದ ಕಥೆಗಳಿಗೆ ಅದು ಒಗ್ಗುತ್ತದೆ. ಆದರೆ ‘ಮಗ ತೀರಿಹೋಗಿ ವರ್ಷವಾಗಿತ್ತು’ ಎಂಬಂಥ ಕೊನೆ ನಮ್ಮ ಕಥೆಗೆ ಹಾಕಿದರೆ ಅಲ್ಲಿಯವರೆಗೆ ನೋಡಿದ ಅಕ್ಕಿ, ಸಾಲು, ನಾಚಿಕೆ ಎಲ್ಲ ವ್ಯರ್ಥ. ಟ್ವಿಸ್ಟ್ ಗೊತ್ತಾದ ಮೇಲೆ ಚಿತ್ರವನ್ನು ಇನ್ನೊಮ್ಮೆ ನೋಡುವ ಮನಸ್ಸಾಗುತ್ತದೆಯೇ ಎಂದು ಕೇಳಿಕೊಳ್ಳಿ. ಇಲ್ಲವೆಂದರೆ ಬಿಟ್ಟುಬಿಡಿ.

ಪಾತ್ರದ ತೀರ್ಮಾನದಲ್ಲಿ ಮುಗಿಯುವ ಕೊನೆ ನನಗೆ ಹೆಚ್ಚು ಗಟ್ಟಿ ಅನ್ನಿಸುತ್ತದೆ. ಮೊಮ್ಮಗಳು ನಂಬರು ಗೊತ್ತಿದ್ದೂ ‘ಮಾಮಾ, ಸರಿ ಕೇಳಸ್ಲಿಲ್ಲ, ಇನ್ನೊಮ್ಮೆ ಹೇಳು’ ಎಂದು ಸುಳ್ಳು ಹೇಳಿದರೆ, ಅಷ್ಟರಲ್ಲಿ ಅವಳು ದೊಡ್ಡವಳಾದದ್ದು ಕಾಣುತ್ತದೆ. ಮುಕ್ತ ಅಂತ್ಯ ಎನ್ನುವುದನ್ನು ಎಚ್ಚರದಿಂದ ಬಳಸಿ. ಅಕ್ಕಿ ಸಿಕ್ಕಿತೋ ಇಲ್ಲವೋ ಎಂದು ಹೇಳದೆ ಬಿಡುವುದು ಮುಕ್ತ ಅಂತ್ಯವಲ್ಲ, ಅದು ಅಪೂರ್ಣ. ಅಕ್ಕಿ ಸಿಕ್ಕಮೇಲೂ ಮಗ ಬರುತ್ತಾನೋ ಎಂಬುದು ಉಳಿದರೆ ಅದು ಮುಕ್ತ ಅಂತ್ಯ.

ಹಾಳೆಯ ಮೇಲೆ

ಬರೆಯುವ ಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಪುಟದ ಕಥೆ, ಆಮೇಲೆ ಸೀನ್‌ಗಳ ಒನ್‌ಲೈನ್ (ಪ್ರತಿ ಸೀನ್‌ಗೆ ಒಂದೆರಡು ಸಾಲಿನ ಪಟ್ಟಿ), ಆಮೇಲೆ ಸಂಭಾಷಣೆ ಎಂಬ ಗಾಂಧಿನಗರದ ಹಳೆಯ ಕ್ರಮ ಕಿರುಚಿತ್ರಕ್ಕೂ ಸಾಕು. ನೇರವಾಗಿ ಸಂಭಾಷಣೆಗೇ ಇಳಿಯುವವರು ಒಂದು ಕರಡು ಬರೆದಮೇಲಾದರೂ ಒನ್‌ಲೈನ್ ಮಾಡಿ ನೋಡಿದರೆ ಯಾವ ಸೀನ್ ಬೇಡ ಎಂದು ತಿಳಿಯುತ್ತದೆ.

ವಿನ್ಯಾಸದಲ್ಲಿ ಎರಡು ಪದ್ಧತಿಗಳಿವೆ. ಹಾಳೆಯನ್ನು ಉದ್ದಕ್ಕೆ ಎರಡು ಮಾಡಿ ಎಡಕ್ಕೆ ದೃಶ್ಯ, ಬಲಕ್ಕೆ ಮಾತು ಮತ್ತು ಸದ್ದು ಬರೆಯುವುದು ಒಂದು. ನಮ್ಮಲ್ಲಿ ಬಹುಕಾಲದಿಂದ ಇರುವ ಪದ್ಧತಿ ಇದು. ಬಲಗಡೆ ತುಂಬಿ ಎಡಗಡೆ ಖಾಲಿ ಬಿದ್ದಿದ್ದರೆ ನೋಡಿದ ತಕ್ಷಣ ಕಾಣುತ್ತದೆ, ಆದ್ದರಿಂದ ಹೊಸಬರಿಗೆ ನಾನು ಇದನ್ನೇ ಹೇಳುತ್ತೇನೆ. ಇನ್ನೊಂದು, ಮಾತನ್ನು ಹಾಳೆಯ ನಡುವೆ ಬರೆಯುವ ಹಾಲಿವುಡ್ ವಿನ್ಯಾಸ. ಹೊರದೇಶದ ಲ್ಯಾಬ್ (ಚಿತ್ರಕಥೆ ತಿದ್ದಿ ಬೆಳೆಸುವ ಕಾರ್ಯಾಗಾರ), ಅನುದಾನಗಳಿಗೆ ಕಳಿಸುವುದಾದರೆ ಇದೇ ಬೇಕು.

ಆ ವಿನ್ಯಾಸದ ಜೊತೆ ಬರುವ ‘ಒಂದು ಪುಟಕ್ಕೆ ಒಂದು ನಿಮಿಷ’ ಎಂಬ ಲೆಕ್ಕವನ್ನು ಕನ್ನಡಕ್ಕೆ ಹಾಗೇ ತರಬೇಡಿ. ಅದು ಕೊರಿಯರ್ ಎಂಬ ಫಾಂಟಿನಲ್ಲಿ 12 ಪಾಯಿಂಟ್ ಅಳತೆಯಲ್ಲಿ ಬರೆದ ಇಂಗ್ಲಿಷಿಗೆ ಕಟ್ಟಿದ ಲೆಕ್ಕ. ಕೊರಿಯರ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ, ತಂತ್ರಾಂಶ ಬೇರೆ ಫಾಂಟ್ ತಂದು ಹಾಕುತ್ತದೆ. ಒತ್ತಕ್ಷರಗಳಿಂದಾಗಿ ಸಾಲಿನ ಎತ್ತರ ಬೇರೆ, ವಿಭಕ್ತಿ ಪ್ರತ್ಯಯ ಸೇರಿ ಪದಗಳ ಉದ್ದವೂ ಬೇರೆ. ಮೊಬೈಲಿನ ಸ್ಟಾಪ್‌ವಾಚ್ ಹಚ್ಚಿ, ಮಾತನ್ನು ಜೋರಾಗಿ ಓದಿ, ಕ್ರಿಯೆಗಳನ್ನು ಎದ್ದುನಿಂತು ಮಾಡಿ ನೋಡಿ. ಅಜ್ಜಿ ಚೀಲ ಬಿಚ್ಚಿ ಕಾರ್ಡು ತೆಗೆಯುವುದಕ್ಕೆ ಹಾಳೆಯಲ್ಲಿ ಅರ್ಧ ಸಾಲು, ತೆರೆಯ ಮೇಲೆ ಇಪ್ಪತ್ತು ಸೆಕೆಂಡ್.

ತಂತ್ರಾಂಶಕ್ಕೆ ದುಡ್ಡು ಹಾಕುವ ಮೊದಲು ಅದರ ಟ್ರಯಲ್‌ನಲ್ಲಿ ‘ಕೃಷ್ಣಪ್ಪ’, ‘ರಾಷ್ಟ್ರ’, ‘ಲಕ್ಷ್ಮಿ’ ಎಂದು ಬರೆದು ಪಿಡಿಎಫ್ ಮಾಡಿ ನೋಡಿ. ಒತ್ತಕ್ಷರ ಒಡೆದರೆ ಆ ತಂತ್ರಾಂಶ ನಿಮಗಲ್ಲ. ಗೂಗಲ್ ಡಾಕ್ಸ್ ಉಚಿತ, ಯೂನಿಕೋಡ್ ಕನ್ನಡ ಸರಿಯಾಗಿ ಬರುತ್ತದೆ, ಇಬ್ಬರು ಒಟ್ಟಿಗೆ ಬರೆಯಬಹುದು. ವಿನ್ಯಾಸ ಮಾತ್ರ ಕೈಯಾರೆ ಮಾಡಿಕೊಳ್ಳಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಯೂನಿಕೋಡ್ ಅಲ್ಲದ ಕಡತ ಮಾಡಿದರೆ ಇನ್ನೊಬ್ಬರ ಮೊಬೈಲಿನಲ್ಲಿ ಅದು ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ಸೆಟ್‌ನಲ್ಲಿ ಎಲ್ಲರೂ ಓದುವುದು ಮೊಬೈಲಿನಲ್ಲೇ.

ಸರಳ ಪಠ್ಯದಲ್ಲಿ ಬರೆಯುವ ಫೌಂಟನ್ ಎಂಬ ಪದ್ಧತಿ 2012ರಿಂದ ಇದೆ, ಉಚಿತ, ಯಾವ ನೋಟ್‌ಪ್ಯಾಡಿನಲ್ಲೂ ನಡೆಯುತ್ತದೆ. ಅದು ಪಾತ್ರದ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರಗಳಿಂದ ಗುರುತಿಸುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲದಿರುವುದರಿಂದ ಎಲ್ಲವನ್ನೂ ದೃಶ್ಯ ವಿವರಣೆ ಎಂದೇ ಓದಿಕೊಳ್ಳುತ್ತದೆ. ಇದಕ್ಕೆ ದಾರಿ ಅದರಲ್ಲೇ ಇದೆ: ಹೆಸರಿನ ಮುಂದೆ @ ಗುರುತು, ಸೀನ್ ಶೀರ್ಷಿಕೆಯ ಮುಂದೆ ಒಂದು ಚುಕ್ಕಿ.

.ನ್ಯಾಯಬೆಲೆ ಅಂಗಡಿ - ಒಳಗೆ - ಬೆಳಿಗ್ಗೆ

ಯಂತ್ರದಲ್ಲಿ ಕೆಂಪು ದೀಪ. ಅಜ್ಜಿ ಹೆಬ್ಬೆಟ್ಟನ್ನು ಸೆರಗಿಗೆ ಒರೆಸುತ್ತಾಳೆ.

@ಅಂಗಡಿಯವನು
ಇನ್ನೊಮ್ಮೆ ಒತ್ತ ಯವ್ವಾ.

@ಅಜ್ಜಿ
ಒತ್ತೇನಲ್ಲೋ ತಮ್ಮಾ.

ಕಂಗ್ಲಿಷಿನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಸಂಭಾಷಣೆ ಬರೆಯುವ ಅಭ್ಯಾಸ ಈಗ ಹೆಚ್ಚಿದೆ. ಟೈಪಿಂಗ್ ವೇಗ, ಕನ್ನಡ ಓದಲು ಬಾರದ ತಂತ್ರಜ್ಞರಿಗೂ ಅನುಕೂಲ. ಆದರೆ ‘ಬಟ್ಟು’, ‘ಬೆಟ್ಟು’, ‘ಬಟ್ಟೆ’ ಮೂರೂ ಆ ಬರಹದಲ್ಲಿ ಹತ್ತಿರ ಹತ್ತಿರ ಬಂದು ನಟರು ತಡವರಿಸುತ್ತಾರೆ, ಅಲ್ಪಪ್ರಾಣ ಮಹಾಪ್ರಾಣ, ದೀರ್ಘ ಎಲ್ಲ ಹೋಗುತ್ತವೆ. ದೃಶ್ಯ ವಿವರಣೆ ಇಂಗ್ಲಿಷಿನಲ್ಲಿರಲಿ ಬೇಕಿದ್ದರೆ, ಸಂಭಾಷಣೆ ಕನ್ನಡ ಲಿಪಿಯಲ್ಲೇ ಇರಲಿ. ಓದಲು ಬಾರದ ನಟರಿಗೆ ಧ್ವನಿಮುದ್ರಿಸಿ ಕಳಿಸಿ, ಉಚ್ಚಾರವೂ ಸರಿಯಾಗುತ್ತದೆ.

ಶಾಟ್‌ಗಳನ್ನೂ ಚಿತ್ರಕಥೆಯಲ್ಲೇ ಬರೆಯಬೇಕೇ ಎಂದು ಕೇಳುವವರಿದ್ದಾರೆ. ಬರೆಯುವವರೇ ನಿರ್ದೇಶಕರಾದರೂ ಓದುವ ಪ್ರತಿಯಲ್ಲಿ ಕ್ಲೋಸಪ್, ಟ್ರಾಲಿ ಬೇಡ, ಅದನ್ನು ಛಾಯಾಗ್ರಾಹಕರ ಜೊತೆ ಲೊಕೇಶನ್ ನೋಡಿದ ಮೇಲೆ ಬೇರೆ ಪಟ್ಟಿಯಾಗಿ ಮಾಡಿ. ‘ಹೆಬ್ಬೆಟ್ಟಿನ ಸವೆದ ಗೆರೆಗಳು’ ಎಂದು ಬರೆದರೆ ಹತ್ತಿರದ ಶಾಟ್ ಎಂದು ಎಲ್ಲರಿಗೂ ತಿಳಿಯುತ್ತದೆ.

ಕೊನೆಯದಾಗಿ ಹಕ್ಕಿನ ರಕ್ಷಣೆ. ಚಿತ್ರಕಥೆ ಬರೆದ ಕ್ಷಣದಿಂದಲೇ ಕೃತಿಸ್ವಾಮ್ಯ ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಯಾವಾಗ ಬರೆದಿರಿ ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನ ಸದಸ್ಯರಾಗಿ ಆನ್‌ಲೈನ್‌ನಲ್ಲಿ ನೋಂದಾಯಿಸಬಹುದು, ಅಥವಾ ಕೇಂದ್ರದ ಕೃತಿಸ್ವಾಮ್ಯ ಕಚೇರಿಗೆ ಅರ್ಜಿ ಹಾಕಬಹುದು. ಬರೀ ಐಡಿಯಾಕ್ಕೆ ರಕ್ಷಣೆಯಿಲ್ಲ, ಅದನ್ನು ಬರೆದ ರೀತಿಗೆ ಮಾತ್ರ ಎಂದು ಸುಪ್ರೀಂ ಕೋರ್ಟ್ 1978ರ ಆರ್.ಜಿ. ಆನಂದ್ ಪ್ರಕರಣದಲ್ಲೇ ಹೇಳಿದೆ. ಇಬ್ಬರು ಸೇರಿ ಬರೆಯುತ್ತಿದ್ದರೆ ಶೀರ್ಷಿಕೆಯಲ್ಲಿ ಕಥೆ ಯಾರದು, ಚಿತ್ರಕಥೆ ಯಾರದು, ಸಂಭಾಷಣೆ ಯಾರದು ಎಂಬುದನ್ನು ಚಿತ್ರೀಕರಣಕ್ಕೆ ಮೊದಲೇ ಒಂದು ಇಮೇಲ್‌ನಲ್ಲಿ ಬರೆದು ಇಬ್ಬರೂ ಒಪ್ಪಿಕೊಳ್ಳಿ.